ಲೂಪ್ ನಡೆಯುತ್ತಿರುವಾಗ ಸಂಗ್ರಹದ ಮಾರ್ಪಾಡು

ಲೂಪ್ ನಡೆಯುತ್ತಿರುವಾಗ ಸಂಗ್ರಹದ ಮಾರ್ಪಾಡು ಎಂದರೆ ಕಂಪ್ಯೂಟರ್ ಪ್ರೋಗ್ರಾಂ ಒಂದು ಪಟ್ಟಿ, ಗಣ ಅಥವಾ ಡಿಕ್ಷನರಿಯಂತಹ ಸಂಗ್ರಹದ ಅಂಶಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿರುವಾಗಲೇ ಅದೇ ಸಂಗ್ರಹಕ್ಕೆ ಹೊಸ ಅಂಶಗಳನ್ನು ಸೇರಿಸುವುದು ಅಥವಾ ಅದರಲ್ಲಿರುವ ಅಂಶಗಳನ್ನು ತೆಗೆದುಹಾಕುವುದು. ಅವಧಿ ಮುಗಿದ ದಾಖಲೆಗಳನ್ನು ಅಳಿಸುವುದು, ನಕಲಿ ನಮೂದುಗಳನ್ನು ತೆಗೆಯುವುದು, ಸಂಪರ್ಕ ಕಡಿದುಹೋದ ಬಳಕೆದಾರರನ್ನು ಪಟ್ಟಿಯಿಂದ ಬಿಡುವುದು ಮುಂತಾದ ದಿನನಿತ್ಯದ ಕೆಲಸಗಳಲ್ಲಿ ಇದರ ಅಗತ್ಯ ಬೀಳುತ್ತದೆ.

ಈ ಕೆಲಸವನ್ನು ಮುನ್ನೆಚ್ಚರಿಕೆಯಿಲ್ಲದೆ ಮಾಡಿದಾಗ ಉಂಟಾಗುವ ಪರಿಣಾಮವು ಪ್ರೋಗ್ರಾಮಿಂಗ್ ಭಾಷೆಯನ್ನೂ ಸಂಗ್ರಹದ ಒಳರಚನೆಯನ್ನೂ ಅವಲಂಬಿಸಿರುತ್ತದೆ. ಕೆಲವು ಭಾಷೆಗಳಲ್ಲಿ ಪ್ರೋಗ್ರಾಂ ದೋಷಸಂದೇಶ ನೀಡಿ ನಿಲ್ಲುತ್ತದೆ. ಕೆಲವುಗಳಲ್ಲಿ ಕಂಪೈಲರ್ ಅದನ್ನು ಮೊದಲೇ ತಡೆಯುತ್ತದೆ. ಇನ್ನು ಕೆಲವುಗಳಲ್ಲಿ ಮೆಮೊರಿ ಕೆಡುತ್ತದೆ. ಇವೆಲ್ಲಕ್ಕಿಂತ ಗುರುತಿಸಲು ಕಷ್ಟವಾದದ್ದು, ಯಾವ ಸೂಚನೆಯನ್ನೂ ನೀಡದೆ ಕೆಲವು ಅಂಶಗಳನ್ನು ಬಿಟ್ಟು ಮುಂದೆ ಸಾಗಿ ತಪ್ಪು ಫಲಿತಾಂಶ ಕೊಡುವ ಪ್ರೋಗ್ರಾಂ. ಈ ದೋಷವನ್ನು ತಪ್ಪಿಸುವ ವಿಧಾನಗಳು ಹಲವಾರು ಇದ್ದರೂ ಅವುಗಳ ಹಿಂದಿರುವ ತತ್ತ್ವಗಳು ಎರಡೇ: ಏನನ್ನು ಬದಲಿಸಬೇಕೆಂದು ತೀರ್ಮಾನಿಸುವ ಹಂತವನ್ನೂ ಬದಲಿಸುವ ಹಂತವನ್ನೂ ಬೇರ್ಪಡಿಸುವುದು, ಅಥವಾ ಲೂಪ್‌ನ ಸ್ಥಾನವನ್ನು ಕಾಯ್ದುಕೊಂಡಿರುವ ಇಟರೇಟರ್‌ನ ಮೂಲಕವೇ ಬದಲಾವಣೆ ಮಾಡಿಸುವುದು.

## ಹಿನ್ನೆಲೆ

ಒಂದಕ್ಕಿಂತ ಹೆಚ್ಚು ಮೌಲ್ಯಗಳನ್ನು ಒಟ್ಟಾಗಿ ಇಟ್ಟುಕೊಳ್ಳುವ ದತ್ತಾಂಶ ರಚನೆಯನ್ನು ಸಂಗ್ರಹ ಎನ್ನಲಾಗುತ್ತದೆ. ಸಂಗ್ರಹವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮಿಸುವಾಗ ‘ಈಗ ಎಲ್ಲಿದ್ದೇವೆ, ಮುಂದಿನದು ಯಾವುದು’ ಎಂಬ ಮಾಹಿತಿಯನ್ನು ಎಲ್ಲಾದರೂ ಉಳಿಸಿಕೊಳ್ಳಬೇಕಾಗುತ್ತದೆ. ಈ ಮಾಹಿತಿಯನ್ನು ಇಟ್ಟುಕೊಂಡಿರುವ ವಸ್ತುವೇ ಇಟರೇಟರ್. ಸರಳ ಪಟ್ಟಿಯಲ್ಲಿ ಅದು ಒಂದು ಸೂಚ್ಯಂಕವಾಗಿರಬಹುದು. ಕೊಂಡಿಪಟ್ಟಿಯಲ್ಲಿ ಒಂದು ಗಂಟಿನ ವಿಳಾಸವಾಗಿರಬಹುದು. ಹ್ಯಾಶ್ ಟೇಬಲ್‌ನಲ್ಲಿ ಒಂದು ಕೋಶದ ಸಂಖ್ಯೆಯಾಗಿರಬಹುದು.

ಇಟರೇಟರ್ ನೆನಪಿಟ್ಟುಕೊಂಡಿರುವ ಸ್ಥಾನವು ಸಂಗ್ರಹವು ಆ ಕ್ಷಣದಲ್ಲಿ ಹೇಗಿತ್ತು ಎಂಬುದನ್ನು ಆಧರಿಸಿರುತ್ತದೆ. ಸಂಗ್ರಹದ ಆಕಾರ ಬದಲಾದರೆ ಆ ಸ್ಥಾನದ ಅರ್ಥವೂ ಬದಲಾಗುತ್ತದೆ, ಆದರೆ ಅದು ಇಟರೇಟರ್‌ಗೆ ತಿಳಿಯುವುದಿಲ್ಲ. ಸಾಲಿನಲ್ಲಿ ನಿಂತವರನ್ನು ಸ್ಥಾನದ ಸಂಖ್ಯೆಯಿಂದ ಕರೆಯುತ್ತಿರುವಾಗ ಮೂರನೆಯವರು ಹೊರಗೆ ಹೋದರೆ ನಾಲ್ಕನೆಯವರು ಮೂರನೆಯ ಜಾಗಕ್ಕೆ ಸರಿಯುತ್ತಾರೆ. ಕರೆಯುವವರು ಇದನ್ನು ಗಮನಿಸದೆ ಮುಂದಿನ ಸಂಖ್ಯೆಯಾದ ‘ನಾಲ್ಕು’ ಎಂದು ಕೂಗಿದರೆ, ಮೊದಲು ನಾಲ್ಕನೆಯವರಾಗಿದ್ದವರ ಸರದಿ ಬರುವುದೇ ಇಲ್ಲ. ಈ ಸಮಸ್ಯೆಯ ಮೂಲವು ಇಷ್ಟೇ ಆಗಿದೆ.

## ಉದಾಹರಣೆ

1, 2, 4, 5, 6, 8 ಎಂಬ ಆರು ಸಂಖ್ಯೆಗಳ ಪಟ್ಟಿಯಿಂದ ಸಮಸಂಖ್ಯೆಗಳನ್ನು ತೆಗೆಯಬೇಕಾಗಿದೆ ಎಂದು ಭಾವಿಸಿ. ಸರಿಯಾದ ಉತ್ತರ 1, 5. ಪ್ರೋಗ್ರಾಂ ಸೂಚ್ಯಂಕ 0ಯಿಂದ ಆರಂಭಿಸಿ ಪ್ರತಿಯೊಂದು ಸಂಖ್ಯೆಯನ್ನೂ ನೋಡುತ್ತದೆ, ಸಮಸಂಖ್ಯೆಯಾಗಿದ್ದರೆ ಅಲ್ಲಿಯೇ ಅಳಿಸುತ್ತದೆ, ಬಳಿಕ ಸೂಚ್ಯಂಕವನ್ನು ಒಂದು ಹೆಚ್ಚಿಸುತ್ತದೆ. ಆಗ ನಡೆಯುವುದು ಹೀಗೆ:

1. ಸೂಚ್ಯಂಕ 0: ಮೌಲ್ಯ 1. ಬೆಸಸಂಖ್ಯೆ, ಉಳಿಯುತ್ತದೆ.
2. ಸೂಚ್ಯಂಕ 1: ಮೌಲ್ಯ 2. ಅಳಿಸಲಾಗುತ್ತದೆ. ಪಟ್ಟಿ ಈಗ 1, 4, 5, 6, 8.
3. ಸೂಚ್ಯಂಕ 2: ಮೌಲ್ಯ 5. ಉಳಿಯುತ್ತದೆ. ಸೂಚ್ಯಂಕ 1ಕ್ಕೆ ಸರಿದಿದ್ದ 4 ಪರಿಶೀಲನೆಗೆ ಬರಲಿಲ್ಲ.
4. ಸೂಚ್ಯಂಕ 3: ಮೌಲ್ಯ 6. ಅಳಿಸಲಾಗುತ್ತದೆ. ಪಟ್ಟಿ ಈಗ 1, 4, 5, 8.
5. ಸೂಚ್ಯಂಕ 4: ಪಟ್ಟಿಯಲ್ಲಿ ನಾಲ್ಕೇ ಅಂಶಗಳಿರುವುದರಿಂದ ಲೂಪ್ ಮುಗಿಯುತ್ತದೆ.

ಪಟ್ಟಿಯಲ್ಲಿ 1, 4, 5, 8 ಉಳಿಯುತ್ತವೆ. ಎರಡು ಸಮಸಂಖ್ಯೆಗಳು ತಪ್ಪಿಸಿಕೊಂಡಿವೆ. ಯಾವ ದೋಷಸಂದೇಶವೂ ಬಂದಿಲ್ಲ.

ಇದೇ ಪ್ರೋಗ್ರಾಂಗೆ 1, 2, 3, 4, 5 ಎಂಬ ಪಟ್ಟಿಯನ್ನು ಕೊಟ್ಟರೆ ದೊರೆಯುವ ಉತ್ತರ 1, 3, 5. ಉತ್ತರ ಸರಿಯಾಗಿಯೇ ಇದೆ. ಆದರೆ ಇಲ್ಲಿಯೂ 3 ಮತ್ತು 5 ಪರಿಶೀಲನೆಗೆ ಒಳಪಟ್ಟಿಲ್ಲ. ಬಿಟ್ಟುಹೋದ ಸಂಖ್ಯೆಗಳು ಹೇಗೂ ಉಳಿಯಬೇಕಾದವೇ ಆಗಿದ್ದುದರಿಂದ ದೋಷ ಮರೆಯಾಗಿದೆ. ಅಳಿಸಬೇಕಾದ ಎರಡು ಅಂಶಗಳು ಅಕ್ಕಪಕ್ಕದಲ್ಲಿ ಬಂದಾಗ ಮಾತ್ರ ತಪ್ಪು ಹೊರಬೀಳುತ್ತದೆ. ಆದ್ದರಿಂದ ಈ ಬಗೆಯ ದೋಷವು ಸಣ್ಣ ಮಾದರಿ ದತ್ತಾಂಶದ ಮೇಲಿನ ಪರೀಕ್ಷೆಗಳಲ್ಲಿ ಉತ್ತೀರ್ಣವಾಗಿ, ನಿಜವಾದ ದತ್ತಾಂಶ ಬಂದಾಗ ತಲೆಯೆತ್ತುವುದು ಸಾಮಾನ್ಯ.

## ಸಂಗ್ರಹದ ರಚನೆ ಮತ್ತು ದೋಷದ ಸ್ವರೂಪ

### ಸರಣಿ ಆಧಾರಿತ ಪಟ್ಟಿ

ಇದರಲ್ಲಿ ಅಂಶಗಳು ಮೆಮೊರಿಯಲ್ಲಿ ಒಂದರ ಪಕ್ಕ ಒಂದರಂತೆ ಇರುತ್ತವೆ. ನಡುವಿನ ಅಂಶವನ್ನು ಅಳಿಸಿದಾಗ ಅದರ ನಂತರದವೆಲ್ಲ ಒಂದು ಸ್ಥಾನ ಹಿಂದಕ್ಕೆ ಸರಿಯುತ್ತವೆ. ಇದರಿಂದ ಮೇಲಿನ ಉದಾಹರಣೆಯಂತೆ ಅಂಶಗಳು ತಪ್ಪಿಹೋಗುತ್ತವೆ. ಪ್ರಸ್ತುತ ಸ್ಥಾನಕ್ಕಿಂತ ಮೊದಲು ಹೊಸ ಅಂಶವನ್ನು ಸೇರಿಸಿದರೆ ಎಲ್ಲವೂ ಮುಂದಕ್ಕೆ ಸರಿದು ಒಂದೇ ಅಂಶ ಎರಡು ಬಾರಿ ಎದುರಾಗುತ್ತದೆ. ಪಟ್ಟಿಯ ಕೊನೆಗೆ ಸೇರಿಸುತ್ತಾ ಹೋದರೆ ಲೂಪ್ ಎಂದಿಗೂ ಕೊನೆಯನ್ನು ಮುಟ್ಟದಿರಬಹುದು. ಇದಲ್ಲದೆ, ಮೀಸಲಿಟ್ಟ ಜಾಗ ತುಂಬಿದಾಗ ಇಡೀ ಸರಣಿಯನ್ನು ಬೇರೆ ದೊಡ್ಡ ಜಾಗಕ್ಕೆ ವರ್ಗಾಯಿಸಲಾಗುತ್ತದೆ. ಹಳೆಯ ವಿಳಾಸವನ್ನು ಹಿಡಿದುಕೊಂಡಿರುವ ಇಟರೇಟರ್ ಆಗ ತನಗೆ ಸೇರದ ಮೆಮೊರಿಯನ್ನು ಓದುತ್ತದೆ.

### ಕೊಂಡಿಪಟ್ಟಿ

ಇದರಲ್ಲಿ ಪ್ರತಿಯೊಂದು ಗಂಟು ಮುಂದಿನ ಗಂಟಿನ ವಿಳಾಸವನ್ನು ಇಟ್ಟುಕೊಂಡಿರುತ್ತದೆ. ಪ್ರಸ್ತುತ ಗಂಟನ್ನು ಅಳಿಸಿ ಅದರ ಮೆಮೊರಿಯನ್ನು ಬಿಡುಗಡೆ ಮಾಡಿದ ಮೇಲೆ ‘ಮುಂದಿನದು ಯಾವುದು’ ಎಂದು ಅದೇ ಗಂಟನ್ನು ಕೇಳುವುದು ತಪ್ಪು. ಬಿಡುಗಡೆಯಾದ ಮೆಮೊರಿಯನ್ನು ಮತ್ತೆ ಬಳಸುವ ಈ ಬಗೆಯ ದೋಷಗಳು ಪ್ರೋಗ್ರಾಂ ಕುಸಿಯುವಂತೆ ಮಾಡುವುದಷ್ಟೇ ಅಲ್ಲದೆ, ದಾಳಿಕೋರರು ದುರುಪಯೋಗಪಡಿಸಿಕೊಳ್ಳಬಹುದಾದ ಭದ್ರತಾ ಲೋಪಗಳಾಗಿಯೂ ಪರಿಣಮಿಸುತ್ತವೆ.

### ಹ್ಯಾಶ್ ಟೇಬಲ್

ಇದರಲ್ಲಿ ಕೀಲಿಯಿಂದ ಲೆಕ್ಕಹಾಕಿದ ಹ್ಯಾಶ್ ಮೌಲ್ಯವು ಅಂಶವು ಯಾವ ಕೋಶದಲ್ಲಿರಬೇಕೆಂಬುದನ್ನು ನಿರ್ಧರಿಸುತ್ತದೆ. ಹೊಸ ಅಂಶಗಳು ಸೇರಿ ಟೇಬಲ್ ತುಂಬುತ್ತಾ ಬಂದಾಗ ಕೋಶಗಳ ಸಂಖ್ಯೆಯನ್ನು ಹೆಚ್ಚಿಸಿ ಎಲ್ಲ ಅಂಶಗಳನ್ನೂ ಮರುಹಂಚಿಕೆ ಮಾಡಲಾಗುತ್ತದೆ. ಅರ್ಧದಾರಿಯಲ್ಲಿರುವ ಇಟರೇಟರ್‌ಗೆ ಈಗಾಗಲೇ ಕಂಡ ಅಂಶಗಳು ಮತ್ತೆ ಕಾಣಬಹುದು, ಕಾಣಬೇಕಾದವು ಕಾಣದೆಯೂ ಹೋಗಬಹುದು. ಯಾವುದು ಯಾವಾಗ ಎಂಬುದನ್ನು ಪ್ರೋಗ್ರಾಮರ್ ಊಹಿಸಲಾರರು.

## ಇತಿಹಾಸ

ಸಂಗ್ರಹದ ಒಳರಚನೆಯನ್ನು ಮರೆಮಾಚಿ ಅದರ ಅಂಶಗಳನ್ನು ಮಾತ್ರ ಒಂದೊಂದಾಗಿ ಒದಗಿಸುವ ಇಟರೇಟರ್‌ನ ಕಲ್ಪನೆಯನ್ನು 1970ರ ದಶಕದಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ಸಂಗಡಿಗರು ಅಮೆರಿಕದ ಎಂಐಟಿಯಲ್ಲಿ ರೂಪಿಸಿದ ಸಿಎಲ್‌ಯು ಭಾಷೆಯಲ್ಲಿ ಕಾಣಬಹುದು. ಬಳಸುವವರಿಗೆ ಒಳರಚನೆ ಕಾಣದಿರುವುದು ಅನುಕೂಲವೇ ಹೌದಾದರೂ, ಯಾವ ಬದಲಾವಣೆಯು ಲೂಪ್ ಅನ್ನು ಕೆಡಿಸುತ್ತದೆ ಎಂಬುದೂ ಅದರೊಂದಿಗೆ ಮರೆಯಾಗುತ್ತದೆ.

ಅದೇ ದಶಕದಲ್ಲಿ ಈ ಸಮಸ್ಯೆಯು ದತ್ತಸಂಚಯ ಕ್ಷೇತ್ರದಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಸಿಸ್ಟಮ್ ಆರ್ ಎಂಬ ಸಂಬಂಧಾತ್ಮಕ ದತ್ತಸಂಚಯವನ್ನು ನಿರ್ಮಿಸುತ್ತಿದ್ದ ಡಾನ್ ಚೇಂಬರ್ಲಿನ್, ಪ್ಯಾಟ್ ಸೆಲಿಂಜರ್ ಮತ್ತು ಮಾರ್ಟನ್ ಆಸ್ಟ್ರಹಾನ್ ಅವರು, 25,000 ಡಾಲರ್‌ಗಿಂತ ಕಡಿಮೆ ಸಂಬಳವಿರುವ ಎಲ್ಲ ನೌಕರರಿಗೆ ಶೇಕಡಾ 10ರಷ್ಟು ಏರಿಕೆ ನೀಡುವ ಆದೇಶವೊಂದನ್ನು ಪರೀಕ್ಷಿಸಿದರು. ಆದೇಶವು ಯಾವ ದೋಷವನ್ನೂ ತೋರದೆ ಮುಗಿಯಿತು. ಆದರೆ ಕೊನೆಯಲ್ಲಿ ಯಾರ ಸಂಬಳವೂ 25,000 ಡಾಲರ್‌ಗಿಂತ ಕಡಿಮೆ ಇರಲಿಲ್ಲ. ದತ್ತಸಂಚಯವು ದಾಖಲೆಗಳನ್ನು ಸಂಬಳದ ಕ್ರಮದಲ್ಲಿರುವ ಸೂಚಿಯ ಮೂಲಕ ಓದುತ್ತಿತ್ತು. ಸಂಬಳ ಏರಿದ ಕೂಡಲೇ ಆ ದಾಖಲೆಯು ಸೂಚಿಯಲ್ಲಿ ಮುಂದಕ್ಕೆ ಸರಿದು ಮತ್ತೆ ಎದುರಾಗುತ್ತಿತ್ತು, ಮತ್ತೆ ಏರಿಕೆ ಪಡೆಯುತ್ತಿತ್ತು. 20,000 ಡಾಲರ್ ಸಂಬಳದವರನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅವರಿಗೆ 22,000 ಸಿಗಬೇಕಾಗಿದ್ದಲ್ಲಿ 22,000, 24,200 ಎಂದು ಏರಿ ಕೊನೆಗೆ 26,620 ಡಾಲರ್‌ಗೆ ತಲುಪುತ್ತದೆ. ಈ ಸಂಗತಿ ಗಮನಕ್ಕೆ ಬಂದದ್ದು ಹ್ಯಾಲೋವೀನ್ ಹಬ್ಬದ ಸಮಯದಲ್ಲಾದ್ದರಿಂದ ಇದಕ್ಕೆ ‘ಹ್ಯಾಲೋವೀನ್ ಸಮಸ್ಯೆ’ ಎಂಬ ಹೆಸರು ನಿಂತಿತು. ಬದಲಿಸಬೇಕಾದ ದಾಖಲೆಗಳನ್ನೆಲ್ಲ ಮೊದಲು ಓದಿ ಗುರುತಿಸಿಟ್ಟುಕೊಂಡು, ಓದುವುದು ಪೂರ್ತಿ ಮುಗಿದ ನಂತರ ಬರೆಯುವುದು ಇದಕ್ಕೆ ದತ್ತಸಂಚಯಗಳು ಅನುಸರಿಸುವ ಪ್ರಮುಖ ಪರಿಹಾರವಾಗಿದೆ.

1994ರಲ್ಲಿ ಪ್ರಕಟವಾದ ‘ಡಿಸೈನ್ ಪ್ಯಾಟರ್ನ್ಸ್’ ಗ್ರಂಥವು ಇಟರೇಟರ್ ವಿನ್ಯಾಸವನ್ನು ವಿವರಿಸುವಾಗ ಕ್ರಮಿಸುತ್ತಿರುವ ಸಂಗ್ರಹವನ್ನು ಬದಲಿಸುವುದರ ಅಪಾಯವನ್ನು ಪ್ರಸ್ತಾಪಿಸಿ, ಸೇರ್ಪಡೆ ಮತ್ತು ಅಳಿಸುವಿಕೆಗಳಿಂದ ಕೆಡದ ಇಟರೇಟರ್‌ಗಳನ್ನು ‘ರೋಬಸ್ಟ್ ಇಟರೇಟರ್’ ಎಂದು ಕರೆದಿದೆ. 1998ರಲ್ಲಿ ಬಂದ ಜಾವಾ 1.2 ಆವೃತ್ತಿಯ ಕಲೆಕ್ಷನ್ಸ್ ಫ್ರೇಮ್‌ವರ್ಕ್ ಬೇರೊಂದು ದಾರಿ ಹಿಡಿಯಿತು. ಕೆಟ್ಟುಹೋದ ಇಟರೇಟರ್ ಅನ್ನು ಸರಿಪಡಿಸುವ ಬದಲು, ಅದು ಕೆಟ್ಟಿದೆ ಎಂಬುದನ್ನು ಬೇಗನೆ ಪತ್ತೆಹಚ್ಚಿ ಲೂಪ್ ಅನ್ನು ನಿಲ್ಲಿಸುವುದು ಈ ದಾರಿ. ಇದಕ್ಕೆ ‘ಫೇಲ್-ಫಾಸ್ಟ್’ ಎಂಬ ಹೆಸರಿದೆ.

## ವಿವಿಧ ಭಾಷೆಗಳಲ್ಲಿ

### ಜಾವಾ

ಜಾವಾದ ಅರೇಲಿಸ್ಟ್, ಹ್ಯಾಶ್‌ಮ್ಯಾಪ್ ಮೊದಲಾದ ಸಂಗ್ರಹಗಳು ತಮ್ಮ ರಚನೆ ಎಷ್ಟು ಬಾರಿ ಬದಲಾಗಿದೆ ಎಂಬ ಎಣಿಕೆಯನ್ನು ಇಟ್ಟುಕೊಂಡಿರುತ್ತವೆ. ಇಟರೇಟರ್ ಹುಟ್ಟುವಾಗ ಆ ಎಣಿಕೆಯನ್ನು ನಕಲು ಮಾಡಿಕೊಂಡು, ಮುಂದಿನ ಅಂಶವನ್ನು ಕೊಡುವಾಗಲೆಲ್ಲ ಹೋಲಿಸಿ ನೋಡುತ್ತದೆ. ಎರಡೂ ಹೊಂದದಿದ್ದರೆ ‘ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಷನ್’ ಎಂಬ ದೋಷವನ್ನು ಎಸೆಯುತ್ತದೆ. ಹೆಸರಿನಲ್ಲಿ ‘ಏಕಕಾಲಿಕ’ ಎಂಬ ಅರ್ಥವಿದ್ದರೂ ಈ ದೋಷಕ್ಕೆ ಎರಡು ಥ್ರೆಡ್‌ಗಳು ಬೇಕಿಲ್ಲ; ಒಂದೇ ಥ್ರೆಡ್‌ನಲ್ಲಿ ನಡೆಯುವ ಸಾಮಾನ್ಯ ಲೂಪ್ ಸಾಕು.

ಈ ಪತ್ತೆಕಾರ್ಯಕ್ಕೆ ಖಾತರಿಯಿಲ್ಲವೆಂದೂ, ಪ್ರೋಗ್ರಾಂನ ಸರಿತನಕ್ಕಾಗಿ ಇದನ್ನು ನೆಚ್ಚಿಕೊಳ್ಳಬಾರದೆಂದೂ ಜಾವಾದ ಅಧಿಕೃತ ದಸ್ತಾವೇಜು ತಿಳಿಸುತ್ತದೆ. ಇದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. ಮೂರು ಅಂಶಗಳಿರುವ ಅರೇಲಿಸ್ಟ್‌ನಲ್ಲಿ ಎರಡನೆಯದನ್ನು ಲೂಪ್‌ನ ಒಳಗೆ ಅಳಿಸಿದರೆ ಯಾವ ದೋಷವೂ ಬರುವುದಿಲ್ಲ. ಇಟರೇಟರ್ ಆಗಲೇ ಎರಡು ಅಂಶಗಳನ್ನು ಕೊಟ್ಟಿರುತ್ತದೆ, ಪಟ್ಟಿಯ ಗಾತ್ರವೂ ಎರಡಕ್ಕೆ ಇಳಿದಿರುತ್ತದೆ. ಎಲ್ಲವೂ ಮುಗಿಯಿತೆಂದು ಭಾವಿಸಿ ಲೂಪ್ ನಿಲ್ಲುತ್ತದೆ. ಮೂರನೆಯ ಅಂಶವನ್ನು ಯಾರೂ ನೋಡುವುದಿಲ್ಲ. ಕೊನೆಯಿಂದ ಎರಡನೆಯ ಅಂಶವನ್ನು ಅಳಿಸಿದಾಗಲೆಲ್ಲ ಹೀಗಾಗುತ್ತದೆ.

ಸುರಕ್ಷಿತವಾಗಿ ಅಳಿಸಲು ಇಟರೇಟರ್‌ನದೇ ಆದ ರಿಮೂವ್ ವಿಧಾನವಿದೆ. 2014ರಲ್ಲಿ ಬಂದ ಜಾವಾ 8ರಿಂದ, ಷರತ್ತನ್ನು ಮಾತ್ರ ತಿಳಿಸಿದರೆ ಅದಕ್ಕೆ ಹೊಂದುವ ಅಂಶಗಳನ್ನೆಲ್ಲ ತೆಗೆದುಹಾಕುವ ರಿಮೂವ್‌ಇಫ್ ವಿಧಾನವೂ ಲಭ್ಯವಿದೆ.

### ಪೈಥಾನ್

ಪೈಥಾನ್‌ನ ಪಟ್ಟಿಗಳಲ್ಲಿ ಯಾವ ತಪಾಸಣೆಯೂ ಇಲ್ಲ. ಇಟರೇಟರ್ ಒಂದು ಸೂಚ್ಯಂಕವನ್ನು ಇಟ್ಟುಕೊಂಡು ಪ್ರತಿ ಹೆಜ್ಜೆಯಲ್ಲಿ ಪಟ್ಟಿಯ ಆಗಿನ ಉದ್ದದೊಂದಿಗೆ ಹೋಲಿಸುತ್ತದೆ. ಆದ್ದರಿಂದ ಅಳಿಸಿದಾಗ ಅಂಶಗಳು ಸದ್ದಿಲ್ಲದೆ ತಪ್ಪಿಹೋಗುತ್ತವೆ. ಪ್ರತಿ ಹೆಜ್ಜೆಯಲ್ಲೂ ಕೊನೆಗೆ ಸೇರಿಸುತ್ತಿದ್ದರೆ ಮೆಮೊರಿ ತೀರುವವರೆಗೆ ಲೂಪ್ ನಡೆಯುತ್ತದೆ. ಡಿಕ್ಷನರಿ ಮತ್ತು ಗಣಗಳಲ್ಲಿ ಮಾತ್ರ ಗಾತ್ರ ಬದಲಾದರೆ ರನ್‌ಟೈಮ್ ಎರರ್ ಬರುತ್ತದೆ.

ಪೈಥಾನ್ 2ರಲ್ಲಿ ಡಿಕ್ಷನರಿಯ ಕೀಗಳನ್ನು ಕೇಳಿದರೆ ಅವುಗಳ ಪ್ರತ್ಯೇಕ ಪಟ್ಟಿಯೇ ದೊರೆಯುತ್ತಿತ್ತು; ಅದರ ಮೇಲೆ ಲೂಪ್ ನಡೆಸುತ್ತಾ ಡಿಕ್ಷನರಿಯಿಂದ ಅಳಿಸುವುದು ಸುರಕ್ಷಿತವಾಗಿತ್ತು. 2008ರಲ್ಲಿ ಬಿಡುಗಡೆಯಾದ ಪೈಥಾನ್ 3ರಲ್ಲಿ ಅದೇ ಕರೆಯು ಡಿಕ್ಷನರಿಯ ಸದ್ಯದ ಸ್ಥಿತಿಯನ್ನೇ ತೋರಿಸುವ ನೋಟವನ್ನು ಕೊಡುತ್ತದೆ. ಇದರಿಂದಾಗಿ ಹಳೆಯ ಆವೃತ್ತಿಯಲ್ಲಿ ಸರಿಯಾಗಿದ್ದ ಪ್ರೋಗ್ರಾಂಗಳು ಹೊಸದರಲ್ಲಿ ದೋಷ ನೀಡತೊಡಗಿದವು. ಕೀಗಳನ್ನು ಮೊದಲು ಪಟ್ಟಿಯನ್ನಾಗಿ ಪರಿವರ್ತಿಸಿಕೊಳ್ಳುವುದು ಇದಕ್ಕೆ ಪರಿಹಾರ.

### ಸಿ++

ಸಿ++ ಭಾಷೆಯು ಯಾವ ಕ್ರಿಯೆಯಿಂದ ಯಾವ ಇಟರೇಟರ್‌ಗಳು ಅಸಿಂಧುವಾಗುತ್ತವೆ ಎಂಬುದನ್ನು ಪ್ರತಿಯೊಂದು ಸಂಗ್ರಹಕ್ಕೂ ಪ್ರತ್ಯೇಕವಾಗಿ ನಿಗದಿಪಡಿಸಿದೆ. ವೆಕ್ಟರ್‌ನಲ್ಲಿ ಒಂದು ಅಂಶವನ್ನು ಅಳಿಸಿದರೆ ಆ ಸ್ಥಾನ ಮತ್ತು ಅದರ ನಂತರದ ಎಲ್ಲ ಇಟರೇಟರ್‌ಗಳೂ ಅಸಿಂಧು. ಸೇರ್ಪಡೆಯಿಂದ ಜಾಗ ಬದಲಾದರೆ ಎಲ್ಲವೂ ಅಸಿಂಧು. ಲಿಸ್ಟ್ ಮತ್ತು ಮ್ಯಾಪ್‌ಗಳಲ್ಲಿ ಅಳಿಸಲಾದ ಅಂಶದ ಇಟರೇಟರ್ ಮಾತ್ರ ಕೆಡುತ್ತದೆ. ಅಸಿಂಧುವಾದ ಇಟರೇಟರ್‌ನ ಬಳಕೆಯು ‘ಅನಿರ್ದಿಷ್ಟ ವರ್ತನೆ’ ಎನಿಸಿಕೊಳ್ಳುತ್ತದೆ. ಆಗ ಪ್ರೋಗ್ರಾಂ ಹೇಗೆ ನಡೆದುಕೊಳ್ಳುತ್ತದೆಂಬುದರ ಬಗ್ಗೆ ಭಾಷೆ ಯಾವ ಭರವಸೆಯನ್ನೂ ನೀಡುವುದಿಲ್ಲ.

ವೆಕ್ಟರ್‌ನ ಇರೇಸ್ ವಿಧಾನವು ಅಳಿಸಿದ ಅಂಶದ ಮುಂದಿನ ಇಟರೇಟರ್ ಅನ್ನು ಹಿಂತಿರುಗಿಸುತ್ತದೆ. ಅಲ್ಲಿಂದಲೇ ಲೂಪ್ ಮುಂದುವರಿಸಬೇಕು. ಮ್ಯಾಪ್‌ನಂತಹ ಸಂಗ್ರಹಗಳಿಗೆ ಈ ಸೌಲಭ್ಯ ಸಿ++11ರಲ್ಲಿ ಬಂದಿತು. ಸಿ++20ರಲ್ಲಿ ಷರತ್ತಿಗೆ ಹೊಂದುವ ಅಂಶಗಳನ್ನೆಲ್ಲ ಒಂದೇ ಕರೆಯಲ್ಲಿ ತೆಗೆಯುವ ಇರೇಸ್‌ಇಫ್ ಸೇರ್ಪಡೆಯಾಗಿದೆ.

### ಸಿ ಶಾರ್ಪ್

ಡಾಟ್‌ನೆಟ್ ಪರಿಸರದ ಪಟ್ಟಿಗಳು ಆವೃತ್ತಿಸಂಖ್ಯೆಯೊಂದನ್ನು ಇಟ್ಟುಕೊಂಡು ಜಾವಾದಂತೆಯೇ ತಪಾಸಣೆ ನಡೆಸುತ್ತವೆ. 2019ರಲ್ಲಿ ಬಂದ ಡಾಟ್‌ನೆಟ್ ಕೋರ್ 3.0ರಿಂದ ಡಿಕ್ಷನರಿಯ ಮೇಲೆ ಲೂಪ್ ನಡೆಯುತ್ತಿರುವಾಗ ಅಂಶಗಳನ್ನು ಅಳಿಸಲು ಅವಕಾಶವಿದೆ. ಹೊಸದನ್ನು ಸೇರಿಸಲು ಅವಕಾಶವಿಲ್ಲ.

### ಗೋ

ಗೋ ಭಾಷೆಯ ನಿಯಮಾವಳಿಯು ಮ್ಯಾಪ್ ಮೇಲಿನ ಲೂಪ್‌ನಲ್ಲಿ ಅಳಿಸುವಿಕೆಗೆ ಅನುಮತಿ ನೀಡುತ್ತದೆ: ಇನ್ನೂ ತಲುಪದ ಅಂಶವನ್ನು ಅಳಿಸಿದರೆ ಅದು ಮುಂದೆ ಎದುರಾಗುವುದಿಲ್ಲ. ಲೂಪ್ ನಡೆಯುತ್ತಿರುವಾಗ ಸೇರಿಸಿದ ಅಂಶವು ಎದುರಾಗಲೂಬಹುದು, ಆಗದಿರಲೂಬಹುದು. ಸ್ಲೈಸ್‌ಗಳಲ್ಲಿ ಲೂಪ್‌ನ ಉದ್ದವು ಆರಂಭದಲ್ಲಿಯೇ ನಿರ್ಧಾರವಾಗುವುದರಿಂದ ಕೊನೆಗೆ ಸೇರಿಸುತ್ತಾ ಹೋದರೂ ಲೂಪ್ ಮುಗಿಯುತ್ತದೆ. ಆದರೆ ನಡುವಿನಿಂದ ಅಳಿಸಿದರೆ ಅಂಶಗಳು ತಪ್ಪಿಹೋಗುವ ತೊಂದರೆ ಇಲ್ಲಿಯೂ ಇದೆ.

### ಜಾವಾಸ್ಕ್ರಿಪ್ಟ್

ಸರಣಿಯ ಫಾರ್‌ಈಚ್ ವಿಧಾನವು ಆರಂಭದ ನಂತರ ಕೊನೆಗೆ ಸೇರಿದ ಅಂಶಗಳನ್ನು ನೋಡುವುದಿಲ್ಲ. ಫಾರ್-ಆಫ್ ಲೂಪ್ ನೋಡುತ್ತದೆ. ಎರಡರಲ್ಲಿಯೂ ಅಳಿಸುವಿಕೆಯಿಂದ ಅಂಶಗಳು ತಪ್ಪಿಹೋಗುತ್ತವೆ. ಜಾಲಪುಟಗಳ ವಿಷಯದಲ್ಲಿ ಮತ್ತೊಂದು ತೊಡಕಿದೆ. ಪುಟದ ಭಾಗಗಳನ್ನು ಕ್ಲಾಸ್ ಹೆಸರಿನಿಂದ ಹುಡುಕಿ ಕೊಡುವ ಹಳೆಯ ವಿಧಾನವು ‘ಜೀವಂತ’ ಸಂಗ್ರಹವನ್ನು ನೀಡುತ್ತದೆ. ಲೂಪ್‌ನಲ್ಲಿ ಒಂದು ಭಾಗದ ಕ್ಲಾಸ್ ಹೆಸರನ್ನು ತೆಗೆದ ಕೂಡಲೇ ಅದು ಸಂಗ್ರಹದಿಂದಲೂ ಹೊರಬೀಳುತ್ತದೆ, ಮುಂದಿನದು ತಪ್ಪಿಹೋಗುತ್ತದೆ. ಪ್ರೋಗ್ರಾಮರ್ ಸಂಗ್ರಹವನ್ನು ನೇರವಾಗಿ ಮುಟ್ಟಿರುವುದೇ ಇಲ್ಲವಾದ್ದರಿಂದ ಕಾರಣವನ್ನು ಹುಡುಕುವುದು ಕಷ್ಟವಾಗುತ್ತದೆ. ಕ್ವೆರಿ ಸೆಲೆಕ್ಟರ್ ಆಲ್ ವಿಧಾನವು ಇದಕ್ಕೆ ಬದಲಾಗಿ ಸ್ಥಿರ ಸಂಗ್ರಹವನ್ನು ನೀಡುತ್ತದೆ.

### ರಸ್ಟ್

2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್ ಭಾಷೆಯಲ್ಲಿ ಈ ತಪ್ಪು ಕಂಪೈಲ್ ಆಗುವುದೇ ಇಲ್ಲ. ಸಂಗ್ರಹವನ್ನು ಓದಲು ಎರವಲು ಪಡೆದಿರುವಾಗ ಅದನ್ನು ಬದಲಿಸಲು ಬೇರೆ ಯಾರೂ ಎರವಲು ಪಡೆಯುವಂತಿಲ್ಲ ಎಂಬ ನಿಯಮವನ್ನು ಕಂಪೈಲರ್ ಜಾರಿಗೊಳಿಸುತ್ತದೆ. ಲೂಪ್ ಮುಗಿಯುವವರೆಗೆ ಸಂಗ್ರಹವು ಎರವಲಿನಲ್ಲಿರುವುದರಿಂದ ಅದರೊಳಗೆ ಸೇರಿಸುವ ಅಥವಾ ಅಳಿಸುವ ಸಾಲು ತಿರಸ್ಕೃತವಾಗುತ್ತದೆ. ಅಳಿಸಲು ರಿಟೇನ್ ಎಂಬ ವಿಧಾನವನ್ನು ಬಳಸಲಾಗುತ್ತದೆ. ಇದಕ್ಕೆ ಉಳಿಸಿಕೊಳ್ಳಬೇಕಾದ ಅಂಶಗಳ ಷರತ್ತನ್ನು ತಿಳಿಸಬೇಕು.

## ಸುರಕ್ಷಿತ ವಿಧಾನಗಳು

ಸೋಸಿ ಹೊಸ ಸಂಗ್ರಹ ಕಟ್ಟುವುದು. ಮೂಲ ಸಂಗ್ರಹವನ್ನು ಮುಟ್ಟದೆ, ಉಳಿಯಬೇಕಾದ ಅಂಶಗಳನ್ನು ಮಾತ್ರ ಹೊಸ ಸಂಗ್ರಹಕ್ಕೆ ಸೇರಿಸಲಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಇದೇ ಅತ್ಯಂತ ಸ್ಪಷ್ಟವಾದ ವಿಧಾನ. ಆದರೆ ಪ್ರೋಗ್ರಾಂನ ಬೇರೆ ಭಾಗಗಳು ಹಳೆಯ ಸಂಗ್ರಹವನ್ನೇ ಹಿಡಿದುಕೊಂಡಿದ್ದರೆ ಅವುಗಳಿಗೆ ಬದಲಾವಣೆ ಕಾಣುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

ನಕಲಿನ ಮೇಲೆ ಲೂಪ್, ಮೂಲದಲ್ಲಿ ಬದಲಾವಣೆ. ಸಂಗ್ರಹದ ನಕಲನ್ನು ಮಾಡಿಕೊಂಡು ಅದರ ಮೇಲೆ ಲೂಪ್ ನಡೆಸುತ್ತಾ ಮೂಲವನ್ನು ಬದಲಿಸಲಾಗುತ್ತದೆ. ಸಂಗ್ರಹ ದೊಡ್ಡದಾಗಿದ್ದರೆ ನಕಲಿಗೆ ಹೆಚ್ಚುವರಿ ಮೆಮೊರಿ ಬೇಕಾಗುತ್ತದೆ.

ಎರಡು ಹಂತಗಳು. ಮೊದಲ ಹಂತದಲ್ಲಿ ಅಳಿಸಬೇಕಾದ ಕೀಗಳನ್ನು ಬೇರೊಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಲೂಪ್ ಮುಗಿದ ಮೇಲೆ ಎರಡನೆಯ ಹಂತದಲ್ಲಿ ಅವುಗಳನ್ನು ಅಳಿಸಲಾಗುತ್ತದೆ. ಹ್ಯಾಲೋವೀನ್ ಸಮಸ್ಯೆಗೆ ದತ್ತಸಂಚಯಗಳು ಕಂಡುಕೊಂಡ ಪರಿಹಾರವೂ ಇದೇ ಬಗೆಯದು. ಅಳಿಸಬೇಕಾದವು ಕೆಲವೇ ಇದ್ದಾಗ ಇದು ಪೂರ್ಣ ನಕಲಿಗಿಂತ ಮಿತವ್ಯಯಿ.

ಹಿಂದಿನಿಂದ ಮುಂದಕ್ಕೆ. ಸೂಚ್ಯಂಕವಿರುವ ಪಟ್ಟಿಯನ್ನು ಕೊನೆಯಿಂದ ಆರಂಭಿಸಿ ಮೊದಲಿನತ್ತ ಕ್ರಮಿಸಿದರೆ, ಅಳಿಸುವಿಕೆಯಿಂದ ಸರಿಯುವ ಅಂಶಗಳೆಲ್ಲ ಈಗಾಗಲೇ ನೋಡಿ ಮುಗಿಸಿದವೇ ಆಗಿರುತ್ತವೆ. ಮೇಲಿನ ಉದಾಹರಣೆಯಲ್ಲಿ 8, 6, 5, 4, 2, 1 ಎಂಬ ಕ್ರಮದಲ್ಲಿ ಎಲ್ಲವೂ ಪರಿಶೀಲನೆಗೆ ಒಳಪಟ್ಟು 1, 5 ಉಳಿಯುತ್ತವೆ. ಹ್ಯಾಶ್ ಟೇಬಲ್‌ಗಳಿಗೆ ಈ ವಿಧಾನ ಅನ್ವಯಿಸುವುದಿಲ್ಲ.

ಇಟರೇಟರ್ ಮೂಲಕವೇ ಅಳಿಸುವುದು. ಅಳಿಸುವ ಕೆಲಸವನ್ನು ಇಟರೇಟರ್‌ಗೇ ವಹಿಸಿದರೆ ಅದು ತನ್ನ ಸ್ಥಾನವನ್ನೂ ಸರಿಪಡಿಸಿಕೊಳ್ಳುತ್ತದೆ. ಜಾವಾ ಮತ್ತು ಸಿ++ ಭಾಷೆಗಳಲ್ಲಿ ಇದು ರೂಢಿಯಲ್ಲಿದೆ.

ಮುಂದಿನ ಗಂಟನ್ನು ಮೊದಲೇ ಹಿಡಿದಿಡುವುದು. ಕೊಂಡಿಪಟ್ಟಿಯಲ್ಲಿ ಪ್ರಸ್ತುತ ಗಂಟನ್ನು ಅಳಿಸುವ ಮೊದಲೇ ಮುಂದಿನ ಗಂಟಿನ ವಿಳಾಸವನ್ನು ಉಳಿಸಿಕೊಳ್ಳಲಾಗುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ ಈ ಉದ್ದೇಶಕ್ಕಾಗಿಯೇ ‘ಸೇಫ್’ ಎಂದು ಕೊನೆಗೊಳ್ಳುವ ಹೆಸರಿನ ಲೂಪ್ ಮ್ಯಾಕ್ರೋಗಳಿವೆ. ಹೆಸರು ಹಾಗಿದ್ದರೂ ಅವು ಪ್ರಸ್ತುತ ಗಂಟಿನ ಅಳಿಸುವಿಕೆಯಿಂದ ಮಾತ್ರ ರಕ್ಷಿಸುತ್ತವೆ. ಉಳಿಸಿಕೊಂಡ ಮುಂದಿನ ಗಂಟನ್ನೇ ಬೇರೊಂದು ಕಾರ್ಯ ಅಳಿಸಿದರೆ ರಕ್ಷಣೆಯಿಲ್ಲ.

ಕೆಲಸದ ಸಾಲು. ಲೂಪ್ ನಡೆಯುವಾಗ ಹೊಸ ಅಂಶಗಳು ಸೇರುವುದೇ ಸಹಜವಾಗಿರುವ ಕೆಲಸಗಳಿವೆ. ಕಡತಕೋಶದೊಳಗಿನ ಉಪಕೋಶಗಳನ್ನು ಹುಡುಕುತ್ತಾ ಹೋಗುವುದು ಇದಕ್ಕೆ ಉದಾಹರಣೆ. ಇಂತಹ ಕಡೆ ‘ಪ್ರತಿಯೊಂದು ಅಂಶಕ್ಕೂ’ ಎಂಬ ಲೂಪ್‌ಗೆ ಬದಲಾಗಿ ‘ಸಾಲು ಖಾಲಿಯಾಗುವವರೆಗೆ ಮೊದಲನೆಯದನ್ನು ತೆಗೆದುಕೋ’ ಎಂಬ ಲೂಪ್ ಬಳಸಲಾಗುತ್ತದೆ. ಒಮ್ಮೆ ನೋಡಿದ್ದನ್ನು ಮತ್ತೆ ಸಾಲಿಗೆ ಸೇರಿಸದಂತೆ ಪ್ರತ್ಯೇಕ ಗಣದಲ್ಲಿ ಗುರುತು ಇಟ್ಟುಕೊಳ್ಳಬೇಕು.

ಅಳಿಸಿ ಹೊರಬರುವುದು. ಒಂದೇ ಅಂಶವನ್ನು ಹುಡುಕಿ ಅಳಿಸಬೇಕಾಗಿದ್ದರೆ, ಅಳಿಸಿದ ಕೂಡಲೇ ಲೂಪ್‌ನಿಂದ ಹೊರಬಂದರೆ ಸಾಕು. ಇಟರೇಟರ್ ಅನ್ನು ಮತ್ತೆ ಬಳಸದಿರುವುದರಿಂದ ಅದು ಕೆಟ್ಟರೂ ಹಾನಿಯಿಲ್ಲ.

## ಕಾರ್ಯಕ್ಷಮತೆ

ಸರಿಯಾದ ಫಲಿತಾಂಶದ ಜೊತೆಗೆ ವೇಗವೂ ವಿಧಾನದ ಆಯ್ಕೆಯನ್ನು ಪ್ರಭಾವಿಸುತ್ತದೆ. ಸರಣಿ ಆಧಾರಿತ ಪಟ್ಟಿಯಲ್ಲಿ ಒಂದು ಅಂಶವನ್ನು ಅಳಿಸಿದರೆ ಅದರ ನಂತರದವನ್ನೆಲ್ಲ ಸರಿಸಬೇಕಾಗುತ್ತದೆ. 1,00,000 ಅಂಶಗಳ ಪಟ್ಟಿಯನ್ನು ಮೊದಲಿನಿಂದ ಒಂದೊಂದಾಗಿ ಅಳಿಸುತ್ತಾ ಬಂದರೆ ಒಟ್ಟು ಸುಮಾರು 500 ಕೋಟಿ ಸರಿಸುವಿಕೆಗಳು ನಡೆಯುತ್ತವೆ. ಸೋಸುವ ವಿಧಾನದಲ್ಲಿ ಪ್ರತಿ ಅಂಶವನ್ನು ಒಮ್ಮೆ ನೋಡಿದರೆ ಸಾಕಾಗುವುದರಿಂದ 1,00,000 ಹೆಜ್ಜೆಗಳಲ್ಲಿ ಕೆಲಸ ಮುಗಿಯುತ್ತದೆ.

ಹೆಚ್ಚುವರಿ ಮೆಮೊರಿಯಿಲ್ಲದೆಯೂ ಇದನ್ನು ಸಾಧಿಸಬಹುದು. ಓದುವ ಸ್ಥಾನ ಮತ್ತು ಬರೆಯುವ ಸ್ಥಾನ ಎಂಬ ಎರಡು ಸೂಚ್ಯಂಕಗಳನ್ನು ಇಟ್ಟುಕೊಂಡು, ಉಳಿಯಬೇಕಾದ ಅಂಶ ಎದುರಾದಾಗ ಅದನ್ನು ಬರೆಯುವ ಸ್ಥಾನಕ್ಕೆ ನಕಲಿಸಿ ಆ ಸ್ಥಾನವನ್ನು ಒಂದು ಹೆಚ್ಚಿಸಲಾಗುತ್ತದೆ. ಕೊನೆಗೆ ಪಟ್ಟಿಯನ್ನು ಬರೆಯುವ ಸ್ಥಾನಕ್ಕೆ ಕತ್ತರಿಸಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ 1 ಮೊದಲ ಸ್ಥಾನಕ್ಕೂ 5 ಎರಡನೆಯ ಸ್ಥಾನಕ್ಕೂ ಬಂದು ಪಟ್ಟಿಯ ಉದ್ದ 2 ಆಗುತ್ತದೆ. ಬರೆಯುವ ಸ್ಥಾನವು ಓದುವ ಸ್ಥಾನವನ್ನು ಎಂದಿಗೂ ದಾಟದಿರುವುದರಿಂದ ಓದದೆ ಉಳಿದ ಅಂಶವು ಅಳಿದುಹೋಗುವ ಸಂಭವವಿಲ್ಲ.

## ಯಾವುದು ರಚನಾತ್ಮಕ ಬದಲಾವಣೆ

ಸಂಗ್ರಹದ ಗಾತ್ರ ಅಥವಾ ಅಂಶಗಳ ಸ್ಥಾನವನ್ನು ಬದಲಿಸುವ ಕ್ರಿಯೆಯನ್ನು ರಚನಾತ್ಮಕ ಬದಲಾವಣೆ ಎನ್ನಲಾಗುತ್ತದೆ. ಪಟ್ಟಿಯ ಒಂದು ಸ್ಥಾನದಲ್ಲಿರುವ ಮೌಲ್ಯವನ್ನು ಬೇರೊಂದು ಮೌಲ್ಯದಿಂದ ಬದಲಿಸುವುದಾಗಲಿ, ಡಿಕ್ಷನರಿಯಲ್ಲಿ ಈಗಾಗಲೇ ಇರುವ ಕೀಗೆ ಹೊಸ ಮೌಲ್ಯ ನೀಡುವುದಾಗಲಿ ಸಾಮಾನ್ಯವಾಗಿ ಲೂಪ್ ಅನ್ನು ಕೆಡಿಸುವುದಿಲ್ಲ.

ಇದಕ್ಕೆ ಅಪವಾದಗಳಿವೆ. ಜಾವಾದ ಲಿಂಕ್ಡ್ ಹ್ಯಾಶ್‌ಮ್ಯಾಪ್ ಅನ್ನು ಬಳಕೆಯ ಕ್ರಮದಲ್ಲಿ ಜೋಡಿಸುವಂತೆ ರಚಿಸಿದ್ದರೆ, ಒಂದು ಮೌಲ್ಯವನ್ನು ಓದುವುದೇ ರಚನಾತ್ಮಕ ಬದಲಾವಣೆಯಾಗುತ್ತದೆ. ಓದಿದ ಅಂಶವು ಕ್ರಮದ ಕೊನೆಗೆ ಸರಿಯುವುದೇ ಇದಕ್ಕೆ ಕಾರಣ. ಹಾಗೆಯೇ ಹ್ಯಾಶ್ ಆಧಾರಿತ ಗಣದೊಳಗಿರುವ ವಸ್ತುವಿನ ಹ್ಯಾಶ್ ಮೌಲ್ಯವನ್ನು ನಿರ್ಧರಿಸುವ ಗುಣವನ್ನೇ ಬದಲಿಸಿದರೆ, ಆ ವಸ್ತು ಗಣದಲ್ಲಿದ್ದರೂ ಹುಡುಕಿದಾಗ ಸಿಗದಂತಾಗುತ್ತದೆ.

## ಅನೇಕ ಥ್ರೆಡ್‌ಗಳಿದ್ದಾಗ

ಒಂದು ಥ್ರೆಡ್ ಲೂಪ್ ನಡೆಸುತ್ತಿರುವಾಗ ಮತ್ತೊಂದು ಥ್ರೆಡ್ ಸಂಗ್ರಹವನ್ನು ಬದಲಿಸಿದರೆ ಮೇಲಿನ ವಿಧಾನಗಳು ಸಾಲುವುದಿಲ್ಲ. ಲೂಪ್ ಪೂರ್ತಿ ಮುಗಿಯುವವರೆಗೆ ಸಂಗ್ರಹಕ್ಕೆ ಬೀಗ ಹಾಕುವುದು ಒಂದು ದಾರಿ. ಪ್ರತಿಯೊಂದು ಕ್ರಿಯೆಗೂ ತಾನಾಗಿ ಬೀಗ ಹಾಕಿಕೊಳ್ಳುವ ಸಂಗ್ರಹಗಳಲ್ಲಿಯೂ ಎರಡು ಹೆಜ್ಜೆಗಳ ನಡುವೆ ಬೀಗ ತೆರೆದಿರುವುದರಿಂದ, ಇಡೀ ಲೂಪ್‌ಗೆ ಪ್ರತ್ಯೇಕವಾಗಿ ಬೀಗ ಹಾಕಬೇಕಾಗುತ್ತದೆ.

2004ರಲ್ಲಿ ಬಂದ ಜಾವಾ 5 ಇನ್ನೆರಡು ದಾರಿಗಳನ್ನು ಒದಗಿಸಿತು. ಕಾಪಿ ಆನ್ ರೈಟ್ ಅರೇಲಿಸ್ಟ್ ಪ್ರತಿ ಬದಲಾವಣೆಗೂ ಒಳಗಿನ ಸರಣಿಯ ಹೊಸ ನಕಲನ್ನು ಮಾಡಿಕೊಳ್ಳುತ್ತದೆ; ಇಟರೇಟರ್ ತಾನು ಹುಟ್ಟಿದಾಗಿನ ನಕಲನ್ನೇ ಕೊನೆಯವರೆಗೆ ನೋಡುತ್ತದೆ. ಓದುವುದು ಹೆಚ್ಚು, ಬರೆಯುವುದು ವಿರಳವಾಗಿರುವ ಕಡೆ ಇದು ಸೂಕ್ತ. ಕನ್‌ಕರೆಂಟ್ ಹ್ಯಾಶ್‌ಮ್ಯಾಪ್‌ನ ಇಟರೇಟರ್ ದೋಷ ಎಸೆಯದೆ ಸಾಗುತ್ತದೆ ಮತ್ತು ತಾನು ಹುಟ್ಟಿದ ಮೇಲೆ ನಡೆದ ಬದಲಾವಣೆಗಳನ್ನು ತೋರಿಸಬಹುದು ಅಥವಾ ತೋರಿಸದಿರಬಹುದು. ಯಾವುದೋ ಒಂದು ಕ್ಷಣದ ನಿಖರ ಚಿತ್ರ ಬೇಕಾದಲ್ಲಿ ಇದನ್ನು ಬಳಸಲಾಗದು.

## ಪರೀಕ್ಷೆ ಮತ್ತು ಪತ್ತೆ

ದೋಷಸಂದೇಶ ಬಂದಾಗ ಅದನ್ನು ಹಿಡಿದು ನಿರ್ಲಕ್ಷಿಸಿ ಮುಂದುವರಿಯುವುದು ಪರಿಹಾರವಲ್ಲ. ಲೂಪ್ ಅಷ್ಟರಲ್ಲಿ ಅರ್ಧ ಕೆಲಸವನ್ನು ಮಾತ್ರ ಮಾಡಿರುತ್ತದೆ. ಬದಲಾವಣೆಯು ಲೂಪ್‌ನ ಒಳಗೆ ನೇರವಾಗಿ ಕಾಣದೆ, ಅಲ್ಲಿಂದ ಕರೆಯಲಾದ ಬೇರೊಂದು ಕಾರ್ಯದೊಳಗೆ ಅಡಗಿರುವುದೂ ಉಂಟು. ಸೂಚನೆ ಪಡೆಯಲು ಹೆಸರು ನೋಂದಾಯಿಸಿದವರಿಗೆಲ್ಲ ಸುದ್ದಿ ಮುಟ್ಟಿಸುವ ಲೂಪ್‌ನಲ್ಲಿ, ಸುದ್ದಿ ತಲುಪಿದವರೊಬ್ಬರು ತಕ್ಷಣವೇ ತಮ್ಮ ಹೆಸರನ್ನು ಹಿಂತೆಗೆದುಕೊಳ್ಳುವುದು ಇದಕ್ಕೆ ಸಾಮಾನ್ಯ ಉದಾಹರಣೆ.

ಅಳಿಸುವ ಲೂಪ್‌ಗಳನ್ನು ಪರೀಕ್ಷಿಸುವಾಗ ಕನಿಷ್ಠ ಈ ಸಂದರ್ಭಗಳನ್ನು ಒಳಗೊಳ್ಳುವುದು ಒಳಿತು:

* ಖಾಲಿ ಸಂಗ್ರಹ
* ಎಲ್ಲ ಅಂಶಗಳನ್ನೂ ಅಳಿಸಬೇಕಾದ ಸಂಗ್ರಹ
* ಅಳಿಸಬೇಕಾದ ಎರಡು ಅಂಶಗಳು ಅಕ್ಕಪಕ್ಕದಲ್ಲಿರುವ ಸಂಗ್ರಹ
* ಮೊದಲ, ಕೊನೆಯ ಹಾಗೂ ಕೊನೆಯಿಂದ ಎರಡನೆಯ ಅಂಶವನ್ನು ಅಳಿಸಬೇಕಾದ ಸಂಗ್ರಹಗಳು

## ಇವನ್ನೂ ನೋಡಿ

* ಇಟರೇಟರ್
* ದತ್ತಾಂಶ ರಚನೆ
* ಹ್ಯಾಶ್ ಟೇಬಲ್
* ಕೊಂಡಿಪಟ್ಟಿ
* ಹ್ಯಾಲೋವೀನ್ ಸಮಸ್ಯೆ